ಹೆರಿಗೆ ವಾರ್ಡಿನ ಮೂರಡಿ ಬೋರ್ಡು

ಮಾರ್ಚ್ 3, ಸೋಮವಾರ

ಸಾಹಿತ್ಯದಲ್ಲಿ ಎಂ.ಎ. ಮಾಡಿ, ಕಾವ್ಯಮೀಮಾಂಸೆಯಲ್ಲಿ ತರಗತಿಗೇ ಮೊದಲಿಗಳಾಗಿ, ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆಯ ಗೋಡೆಗಳಿಗೆ ಬರೆಯುತ್ತಿದ್ದೇನೆ. ಪ್ರಕಟಣಾ ವಿಭಾಗದಲ್ಲಿ ಇರುವವಳು ನಾನೊಬ್ಬಳೇ. 'ಚಪ್ಪಲಿ ಹೊರಗೆ ಬಿಡಿ' ನನ್ನದೇ. 'ಸದ್ದು ಮಾಡಬೇಡಿ, ಒಳಗೊಬ್ಬರು ಈಗಷ್ಟೇ ನಿದ್ದೆಹೋಗಿದ್ದಾರೆ' ಎನ್ನುವುದೂ ನನ್ನದೇ. ನನ್ನಷ್ಟು ಓದುಗರು ಯಾವ ಕವಿಗೂ ಇರಲಾರರು. ಅದರಲ್ಲೂ ಓದಿದ ಕೂಡಲೇ ಚಪ್ಪಲಿ ಬಿಡುವಂಥ ಓದುಗರು.

ಇಲ್ಲಿ ಗೋಡೆಯ ಮೇಲಿದ್ದರೆ ಮಾತ್ರ ನಿಯಮ. ಎರಡು ವರ್ಷದ ಹಿಂದೆ ಭೇಟಿ ವೇಳೆಯ ಬೋರ್ಡು ಬಣ್ಣಕ್ಕೆ ಹೋದಾಗ ಹದಿನೈದು ದಿನ ಜನ ಹಗಲೆಲ್ಲ ಬಂದು ಹೋದರು. ಕಾವಲುಗಾರ ಯಾರನ್ನೂ ತಡೆಯಲಿಲ್ಲ. "ಯಾವುದನ್ನ ತೋರಿಸಿ ತಡೀಲಿ ಮೇಡಂ?" ಎಂದ.

ಇವತ್ತು ಸೂಪರಿಂಟೆಂಡೆಂಟ್ ಕರೆಸಿದರು. ಹೆರಿಗೆ ವಾರ್ಡಿನಲ್ಲಿ ಎಪಿಡ್ಯೂರಲ್ ಶುರುವಾಗುತ್ತದಂತೆ. ಸೊಂಟದ ಹತ್ತಿರ ಬೆನ್ನಿಗೆ ನೂಲಿನಷ್ಟು ಸಣ್ಣ ನಳಿಗೆ ಇಟ್ಟು ಸ್ವಲ್ಪ ಸ್ವಲ್ಪವೇ ಔಷಧಿ ಬಿಡುವುದು. ತಾಯಿಗೆ ಎಚ್ಚರವಿರುತ್ತದೆ, ನೋವು ಮಾತ್ರ ಇಳಿಯುತ್ತದೆ. ಅದಕ್ಕೊಂದು ಬೋರ್ಡು ಬೇಕು. ಬರೆದುಕೊಡುತ್ತೇನೆ ಎಂದೆ. ಆದರೆ ಮನಸ್ಸಿನೊಳಗೆ ಸ್ವಲ್ಪ ಮೂಗು ಮುರಿದೆ. ಮಗಳು ಹುಟ್ಟಿದಾಗ ನಾನು ತುಟಿ ಎರಡು ಮಾಡಲಿಲ್ಲ. ಒಂದಾದ ಮೇಲೊಂದು ಕವನ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೆತ್ತೆ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಆ ಮಗಳು ಈಗ ಏಳು ತಿಂಗಳ ಬಸುರಿ.

ಮಾರ್ಚ್ 6, ಗುರುವಾರ

ಬೋರ್ಡಿನ ಸಮಿತಿ ಸಭೆ. ಸೂಪರಿಂಟೆಂಡೆಂಟ್, ಹೆಡ್ ನರ್ಸ್, ಅರಿವಳಿಕೆ ಡಾಕ್ಟರು, ನಾನು. ಅರಿವಳಿಕೆ ಡಾಕ್ಟರು ಸಣಕಲು ಮನುಷ್ಯ, ಮಾತು ಅದಕ್ಕಿಂತ ಸಣಕಲು.

"ಯಾವಾಗ ಕೊಡಬೇಕು ಅನ್ನೋದು ಸ್ಪಷ್ಟವಾಗಿ ಇರಬೇಕು," ಎಂದರು ಸೂಪರಿಂಟೆಂಡೆಂಟ್.

"ಕೇಳಿದಾಗ," ಎಂದರು ಡಾಕ್ಟರು.

"ಅಂದ್ರೆ?"

"ನೋವು ಶುರುವಾಗಿದೆ, ಆಕೆ ಕೇಳ್ತಾಳೆ. ಬೇರೆ ತೊಂದರೆ ಇಲ್ಲ ಅಂತ ನಾನು ನೋಡ್ತೀನಿ. ಕೊಡ್ತೀನಿ."

"ಗರ್ಭಕೋಶದ ಬಾಯಿ ಇಷ್ಟು ಸೆಂಟಿಮೀಟರ್ ತೆರೆಯೋವರೆಗೆ ಕಾಯಬೇಕು ಅಂತ ಏನೋ ಇತ್ತಲ್ಲ?"

"ಇತ್ತು. ಬೇಗ ಕೊಟ್ಟರೆ ಹೆರಿಗೆ ಕೆಡುತ್ತೆ ಅಂದುಕೊಂಡಿದ್ರು. ಹಾಗೇನಿಲ್ಲ ಅಂತ ಆಮೇಲೆ ಗೊತ್ತಾಯ್ತು."

"ತಡ ಆದ್ರೆ?"

"ಮಗು ಇನ್ನೇನು ಹೊರಗೆ ಬರ್ತಿದೆ ಅಂದ್ರೆ ಕೊಡೋಕೆ ಹೊತ್ತಿರಲ್ಲ. ಅಲ್ಲಿವರೆಗೂ ಕೊಡಬಹುದು."

ಸೂಪರಿಂಟೆಂಡೆಂಟರ ಮುಖ ಸಪ್ಪಗಾಯಿತು. "'ಕೇಳಿದಾಗ' ಅಂತ ಒಂದೇ ಮಾತು ಬರೆದ್ರೆ ಹೇಗ್ರೀ? ಬೋರ್ಡು ಮೂರಡಿ ಅಗಲದ್ದು, ಆಗಲೇ ಬಂದುಬಿಟ್ಟಿದೆ."

ಎಲ್ಲರೂ ನನ್ನತ್ತ ತಿರುಗಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸಮಿತಿಯೊಂದಕ್ಕೆ ಸಾಹಿತ್ಯ ಬೇಕಾಗಿತ್ತು.

ಮಾರ್ಚ್ 10, ಸೋಮವಾರ

ಮೂರು ದಿನ ಒದ್ದಾಡಿದೆ. ಇವತ್ತು ಬೆಳಗ್ಗೆ ಹಲ್ಲುಜ್ಜುವಾಗ ತಾನಾಗಿಯೇ ಬಂತು:

*ಆತುರವೂ ಬೇಡ, ತಡವೂ ಬೇಡ,*
*ಹದ ಬರುವ ತನಕ ಕಾಯುವುದೇ ತಾಯ್ತನ.*

ನಾನೇ ಹೇಳಿಕೊಳ್ಳಬಾರದು, ಆದರೆ ಆ 'ಹದ' ಇದೆಯಲ್ಲ, ಅಲ್ಲಿ ಇಡೀ ಸಾಲು ಉಸಿರು ಹಿಡಿದು ನಿಲ್ಲುತ್ತದೆ. ಸೂಪರಿಂಟೆಂಡೆಂಟ್ ಎರಡು ಸಲ ಜೋರಾಗಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಡಾಕ್ಟರು ಕೇಳಿದ್ದು ಒಂದೇ. "ಹದ ಅಂದ್ರೆ ಎಷ್ಟು?"

"ಅದನ್ನ ಅಳೆಯೋಕಾಗಲ್ಲ ಡಾಕ್ಟ್ರೇ. ಅದು ಧ್ವನಿ."

"ನಾನು ಕೊಡೋದು ಮಿಲಿಲೀಟರ್‌ನಲ್ಲಿ," ಎಂದರು.

ಪಾಪ. ವಿಜ್ಞಾನ ಓದಿದವರು.

ಮಾರ್ಚ್ 21, ಶುಕ್ರವಾರ

ಬೋರ್ಡು ಏರಿತು. ತಿಳಿನೀಲಿ ಹಲಗೆ, ಬಿಳಿ ಅಕ್ಷರ, ಮೂಲೆಗೊಂದರಂತೆ ನಾಲ್ಕು ಸ್ಕ್ರೂ. ಹೆರಿಗೆ ಕೋಣೆಯಲ್ಲಿ ಮಂಚದ ಎದುರಿಗೇ ಇದೆ. ಬೇಡವೆಂದರೂ ಕಣ್ಣಿಗೆ ಬೀಳುವ ಜಾಗ. ಅಕ್ಕನಿಗೆ ಫೋನು ಮಾಡಿ ಓದಿ ಹೇಳಿದೆ. "ಚೆನ್ನಾಗಿದೆ. ಆದ್ರೆ ಮಲಗಿದವಳಿಗೆ ಓದೋ ಹಾಗಿರುತ್ತಾ?" ಎಂದಳು. ಅಕ್ಕ ವಾಚು ರಿಪೇರಿ ಅಂಗಡಿ ಇಟ್ಟವಳು. ಅವಳಿಗೆ ಎಲ್ಲವೂ ನಡೆಯುತ್ತದೋ ಇಲ್ಲವೋ ಎನ್ನುವುದೇ ಚಿಂತೆ.

ಏಪ್ರಿಲ್ 2, ಬುಧವಾರ

ಹದ ಎಂದರೇನು ಎಂದು ನರ್ಸುಗಳು ಹತ್ತು ದಿನದಿಂದ ಕೇಳುತ್ತಿದ್ದರಂತೆ. ಇವತ್ತು ಸುತ್ತೋಲೆ ಬಂತು. "ಹದ ಎಂದರೆ ನಾಲ್ಕು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಹಾಗೂ ಏಳು ಸೆಂಟಿಮೀಟರ್ ಮೀರದ ಸ್ಥಿತಿ. ಹೆಡ್ ನರ್ಸ್, ಕರ್ತವ್ಯದಲ್ಲಿರುವ ವೈದ್ಯರು ಹಾಗೂ ಸೂಪರಿಂಟೆಂಡೆಂಟ್, ಈ ಮೂವರ ಸಹಿಯುಳ್ಳ ಹದಪತ್ರ ಕಡ್ಡಾಯ. ಸದರಿ ನಿಯಮವು ಬೋರ್ಡು ಪ್ರದರ್ಶನದಲ್ಲಿ ಇರುವವರೆಗೆ ಜಾರಿಯಲ್ಲಿರತಕ್ಕದ್ದು."

ಒಂದು ಪದಕ್ಕೆ ಇಷ್ಟು ದೊಡ್ಡ ವ್ಯಾಖ್ಯಾನ! ಎಂ.ಎ.ಯಲ್ಲಿ ನಾವೂ ಇಷ್ಟು ಎಳೆದವರಲ್ಲ.

ಮೆಟ್ಟಿಲ ಹತ್ತಿರ ಹೆಡ್ ನರ್ಸ್ ಸಿಕ್ಕರು. "ಮೇಡಂ, ನಿಮ್ಮ ಹದ ನಮ್ಮ ಕುತ್ತಿಗೆಗೆ ಬಂತು," ಎಂದರು. ಕಾವ್ಯ ಯಾರ ಕುತ್ತಿಗೆಗಾದರೂ ಬರಲೇಬೇಕಲ್ಲ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಏಪ್ರಿಲ್ 19, ಶನಿವಾರ

ಮಗಳು ಬಂದಿದ್ದಳು. ಲಿಫ್ಟ್ ಕಂಪನಿಯಲ್ಲಿ ಎಂಜಿನಿಯರು. ಎಂಟನೇ ತಿಂಗಳಲ್ಲೂ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಓಡಾಡುತ್ತಾಳೆ. ನೀರು ಕುಡಿದು ಲೋಟ ಕೆಳಗಿಡುವ ಮೊದಲೇ ಹೇಳಿದಳು: "ಅಮ್ಮ, ನಾನು ಎಪಿಡ್ಯೂರಲ್ ತಗೋತೀನಿ."

"ಈಗಲೇ ಯಾಕೆ ತೀರ್ಮಾನ? ಆ ಹೊತ್ತಿಗೆ ನೋಡೋಣ. ನಾನು ನಿನ್ನ ಹೆರುವಾಗ..."

"ಕವನ ಹೇಳಿಕೊಂಡೆ. ಗೊತ್ತಮ್ಮ. ನನ್ನ ಮದುವೆಯಲ್ಲೂ ಹೇಳಿದ್ದೆ, ಮೈಕಲ್ಲಿ."

"ನೋವಿಗೂ ಒಂದು ಅರ್ಥ ಇರುತ್ತೆ ಕಣೇ."

"ಹಲ್ಲು ಕೀಳಿಸೋಕೆ ಹೋದಾಗ ಆ ಅರ್ಥ ಎಲ್ಲಿಗೆ ಹೋಗಿತ್ತು? ಎರಡು ಇಂಜೆಕ್ಷನ್ ಸಾಲದು ಅಂತ ಮೂರನೇದು ಕೇಳಿದೆಯಲ್ಲ."

ಅಕ್ಕ ಜೊತೆಗಿದ್ದಳು. ಕಿಟಕಿಯತ್ತ ಮುಖ ತಿರುಗಿಸಿ, ಬಲಗೈಯ ವಾಚನ್ನು ಸುಮ್ಮನೆ ಹಿಂದೆ ಮುಂದೆ ಸರಿಸಿಕೊಂಡಳು. ಅಗಲ ಪಟ್ಟಿಯ, ಗಂಡಸರ ಹಳೇ ವಾಚು. ಅಂಗಡಿ ತುಂಬ ಒಳ್ಳೊಳ್ಳೆ ವಾಚುಗಳಿದ್ದರೂ ಇವಳು ಇದನ್ನೇ, ಅದೂ ಬಲಗೈಗೇ ಕಟ್ಟುತ್ತಾಳೆ.

ನನಗೆ ಬೇಜಾರಾಯಿತು. ಮಗಳು ಹೋದ ಮೇಲೆ ಕವನ ಸಂಕಲನ ತೆರೆದೆ. ಒಂದೇ ಪುಟವನ್ನು ಮೂರು ಸಲ ಓದಿದೆ.

ಏಪ್ರಿಲ್ 30, ಬುಧವಾರ

ತಿಂಗಳ ವರದಿ. ಎಪಿಡ್ಯೂರಲ್ ಕೇಳಿದವರು ಮೂವತ್ತೊಂದು. ಸಿಕ್ಕಿದ್ದು ಇಬ್ಬರಿಗೆ. ಅವರಲ್ಲೊಬ್ಬರು ಸೂಪರಿಂಟೆಂಡೆಂಟರ ಸೊಸೆ.

"ನೋಡಿ, ಬೋರ್ಡಿನ ಪ್ರಭಾವ!" ಎಂದರು ಸೂಪರಿಂಟೆಂಡೆಂಟ್. "ಇಪ್ಪತ್ತೊಂಬತ್ತು ತಾಯಂದಿರಲ್ಲಿ ಎಂಥ ಸಂಯಮ ಬಂತು!"

ಸಂಯಮ ಅಲ್ಲ, ಬೆಳಗ್ಗೆ ಬೇಗ ಎನ್ನುತ್ತೇವೆ, ಊಟದ ಹೊತ್ತಿಗೆ ತಡ ಎನ್ನುತ್ತೇವೆ, ನಡುವೆ ಸಹಿ ಹುಡುಕುತ್ತೇವೆ ಎಂದರು ಹೆಡ್ ನರ್ಸ್. ಅದನ್ನು ಸೂಪರಿಂಟೆಂಡೆಂಟ್ ನಡಾವಳಿಯಲ್ಲಿ 'ಸಿಬ್ಬಂದಿಯ ಸಹಕಾರ' ಎಂದು ಬರೆದುಕೊಂಡರು. ಒಳ್ಳೆಯ ಸೇವೆಯ ಪ್ರಶಸ್ತಿಗೆ ನಮ್ಮ ಹೆಸರು ಹೋಗಿದೆಯಂತೆ. ಪರಿಶೀಲನೆಗೆ ಬರುವವರಿಗೆ ಮೊದಲು ತೋರಿಸುವುದೇ ನನ್ನ ಬೋರ್ಡು.

ಸಂತೋಷವಾಗಬೇಕು. ಆಗಿದೆ ಎಂದೇ ಇಟ್ಟುಕೊಳ್ಳೋಣ.

ಮೇ 14, ಬುಧವಾರ

ಬೆಳಗ್ಗೆ 7.00. ಮಗಳಿಗೆ ನೋವು ಶುರು. ಅಳಿಯ ರೈಲು ಓಡಿಸುವವನು, ಮುನ್ನೂರು ಮೈಲಿ ಆಚೆ ಇದ್ದಾನೆ, ಸಂಜೆಗೆ ಬರುತ್ತಾನೆ. ಅಕ್ಕ ಅಂಗಡಿ ತೆರೆಯದೆ ಬಂದಿದ್ದಾಳೆ. ಡೈರಿ ಚೀಲದಲ್ಲಿದೆ. ಇಂಥ ದಿನವನ್ನು ಆಗಿಂದಾಗಲೇ ಬರೆದಿಡಬೇಕು.

9.10. ಮೂರು ಸೆಂಟಿಮೀಟರ್. ಮಗಳು ಕೇಳಿದಳು. "ಇನ್ನೂ ಬೇಗ," ಎಂದರು ಹೆಡ್ ನರ್ಸ್, ಗೋಡೆಯತ್ತ ಕೈ ತೋರಿಸಿ. ಮಗಳು ಬೋರ್ಡು ಓದಿದಳು. "ಅಮ್ಮ, ಇದು ನಿನ್ನದು. 'ಹದ' ಅಂತ ನೀನಲ್ಲದೆ ಇನ್ಯಾರೂ ಬರೆಯಲ್ಲ." ನಾನು ದಿಂಬು ಸರಿ ಮಾಡಿದೆ.

10.40. ಇನ್ನೂ ಮೂರು. ಮಗಳು ಮಂಚದ ಕಂಬಿ ಹಿಡಿದಿದ್ದಾಳೆ. "ಎಷ್ಟು ಹೊತ್ತಿಗೆ ಬರುತ್ತಮ್ಮ ಹದ? ಬರೆದೋಳು ನೀನೇ, ಹೇಳು." ಕವನ ಹೇಳಲಾ ಎಂದು ಕೇಳಿದೆ. ಅವಳು ನೋಡಿದ ನೋಟ ಬರೆಯಲಾರೆ.

11.50. ನಾಲ್ಕೂವರೆ. ಹದ! ಹೆಡ್ ನರ್ಸ್ ಸಹಿ ಆಯಿತು. ಡ್ಯೂಟಿ ಡಾಕ್ಟರ ಸಹಿ ಆಯಿತು. ಸೂಪರಿಂಟೆಂಡೆಂಟರದ್ದು ಬಾಕಿ.

12.30. ಸೂಪರಿಂಟೆಂಡೆಂಟ್ ಸಿಗುತ್ತಿಲ್ಲ.

ಮೇ 15, ಗುರುವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಸೂಪರಿಂಟೆಂಡೆಂಟ್ ಇದ್ದದ್ದು ಮೂರನೇ ಮಹಡಿಯ ಸಭಾಂಗಣದಲ್ಲಿ, ಪ್ರಶಸ್ತಿಯ ಪರಿಶೀಲಕರ ಜೊತೆ. ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಹದಪತ್ರ ಮುಂದೆ ಹಿಡಿದು "ಸರ್, ಒಂದು ಸಹಿ," ಎಂದೆ.

"ಬಂದ್ರು ನೋಡಿ! ಆ ಸಾಲು ಬರೆದವರು ಇವರೇ," ಎಂದು ಅವರು ಎದ್ದು ನಿಂತರು. ಮೂವರು ಪರಿಶೀಲಕರೂ ಎದ್ದರು. ಅವರಲ್ಲೊಬ್ಬರು ಸಾಹಿತ್ಯಾಭಿಮಾನಿ. ತಾಯ್ತನವನ್ನೂ ತಾಳ್ಮೆಯನ್ನೂ ಇಷ್ಟು ಹತ್ತಿರ ತಂದವರು ಇಲ್ಲವೆಂದರು. 'ಹದ' ಹೇಗೆ ಹೊಳೆಯಿತು ಎಂದು ಕೇಳಿದರು. ಈ ಪ್ರಶ್ನೆಗಾಗಿ ನಾನು ಇಪ್ಪತ್ತೆರಡು ವರ್ಷ ಕಾದಿದ್ದೇನೆ. ಮುಚ್ಚುಮರೆ ಯಾಕೆ, ಉತ್ತರ ಕೊಟ್ಟೆ. ಹಲ್ಲುಜ್ಜುವಾಗ ಎಂದೆ. ಅವರೆಲ್ಲ ನಕ್ಕರು. ನಾನೂ ನಕ್ಕೆ. ಗೋಡೆ ಗಡಿಯಾರದಲ್ಲಿ ಹನ್ನೆರಡೂ ಐವತ್ತೈದು ಕಂಡಾಗ ನಗು ಬಾಯಲ್ಲೇ ಒಣಗಿತು.

"ಸರ್, ನನ್ನ ಮಗಳು."

"ಸಾಲನ್ನ ಒಂದ್ಸಲ ನೀವೇ ಹೇಳಿಬಿಡಿ, ಆಮೇಲೆ ಸಹಿ."

ಹೇಳಿದೆ. ಎರಡೂ ಸಾಲು, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ. ಚಪ್ಪಾಳೆ ಹೊಡೆದರು. ಸಹಿ ಹಾಕಿದರು.

ಲಿಫ್ಟ್ ಕೆಟ್ಟಿತ್ತು. ಇಂಥ ದಿನ ಲಿಫ್ಟ್ ಎಂಜಿನಿಯರು ಕೆಳಗೆ ಮಲಗಿದ್ದಾಳೆ! ಮೂರು ಮಹಡಿ ಓಡಿ ಇಳಿದೆ. ಹೆಡ್ ನರ್ಸ್ ಪತ್ರ ತೆಗೆದುಕೊಂಡು, ಓದಿ, ನನ್ನ ಮುಖ ನೋಡದೆ ಹೇಳಿದರು: "ಈಗ ಏಳೂವರೆ ಸೆಂಟಿಮೀಟರ್, ಮೇಡಂ. ತಡ ಆಯ್ತು."

"ಐದು ನಿಮಿಷ..."

"ಏಳು ಮೀರಬಾರದು ಅಂತಿದೆ. ಬೋರ್ಡು ಇರೋವರೆಗೆ ನಾನೇನು ಮಾಡಲಿ? ಹೋದ ವಾರ ಒಬ್ಬ ನರ್ಸಿಗೆ ನೋಟಿಸ್ ಕೊಟ್ಟಿದ್ದಾರೆ."

ಮಗಳು ಆಗ ಅರಚಲಿಲ್ಲ. ಅರಚಿದ್ದರೆ ತಡೆದುಕೊಳ್ಳುತ್ತಿದ್ದೆ. ಸಣ್ಣ ದನಿಯಲ್ಲಿ, ಚಿಕ್ಕವಳಿದ್ದಾಗ ಜ್ವರ ಬಂದರೆ ಕೇಳುತ್ತಿದ್ದಳಲ್ಲ ಹಾಗೆ, "ಅಮ್ಮ, ಕೇಳಿದೆನಲ್ಲಮ್ಮ. ಬೆಳಗ್ಗೆನೇ ಕೇಳಿದೆನಲ್ಲ," ಎಂದಳು.

ಅಕ್ಕ ಬಲಗೈಯ ವಾಚು ಬಿಚ್ಚಿ ಮೇಜಿನ ಮೇಲಿಟ್ಟು, ಕೈಯನ್ನು ಮಗಳಿಗೆ ಕೊಟ್ಟಳು. "ಹಿಡ್ಕೋ ಪುಟ್ಟಿ. ಬೇಕಾದ್ರೆ ಕಚ್ಚು. ಈ ಕೈಗೆ ಅಭ್ಯಾಸ ಇದೆ."

ಅವಳ ಮಣಿಕಟ್ಟಿನ ಮೇಲೆ ಅರ್ಧಚಂದ್ರದ ಕಲೆ. ಹಲ್ಲಿನ ಗುರುತು ಒಂದೊಂದೂ ಎಣಿಸುವ ಹಾಗಿತ್ತು.

"ಏನು ದೊಡ್ಡಮ್ಮ ಇದು?"

"ನಿಮ್ಮಮ್ಮ ಹೇಳಿದ ಕವನ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ನೋಡಿ, "ಸುಮ್ನೆ ಇರೋಣ ಅಂತಿದ್ದೆ ಕಣೇ, ಇಪ್ಪತ್ತೈದು ವರ್ಷ ಸುಮ್ನೇ ಇದ್ದೆ. ನೀನು ಎರಡು ಸಲ ಇಂಜೆಕ್ಷನ್ ಕೊಡಿ ಅಂತ ಬೇಡಿಕೊಂಡೆ. ಮೊದಲು, ಇನ್ನೂ ಹೊತ್ತಿದೆ ಅಂದ್ರು. ಆಮೇಲೆ, ಹೊತ್ತು ಮೀರಿತು ಅಂದ್ರು. ಆಗ ನೀನು ಹೇಳಿದ್ದು ಕವನ ಅಲ್ಲ. ಡಾಕ್ಟ್ರ ವಂಶಾನೆಲ್ಲ ಎತ್ತಿ ಎತ್ತಿ ಬೈದೆ."

ಆಗ ನನಗೆ ಏನು ನೆನಪಾಯಿತು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇಬೇಕು ಎಂದೇನಿಲ್ಲ.

ಸ್ಟೂಲು ಎಳೆದುಕೊಂಡೆ.

"ಅಮ್ಮ, ಏನು ಮಾಡ್ತಿದ್ದೀಯ?"

"ನಿನ್ನ ಸ್ಕ್ರೂಡ್ರೈವರ್ ಎಲ್ಲಿದೆ?"

ಅಕ್ಕ ಎಡಗೈಯಿಂದಲೇ ಬ್ಯಾಗು ತಡಕಿ, ಅದನ್ನು ತೆಗೆದು ನನ್ನತ್ತ ಎಸೆದಳು. ಮೊದಲ ಸ್ಕ್ರೂ ಮಿಸುಕಾಡಲಿಲ್ಲ. ಇಪ್ಪತ್ತೆರಡು ವರ್ಷ ಬೋರ್ಡು ಬರೆದಿದ್ದೇನೆ, ಒಂದನ್ನೂ ಬಿಚ್ಚಿದವಳಲ್ಲ.

"ಎಡಕ್ಕಮ್ಮ! ಎಡಕ್ಕೆ ತಿರುಗಿಸು!" ಮಂಚದಿಂದ ಮಗಳು. "ಬಿಗಿ ಮಾಡ್ತಿದ್ದೀಯ ನೀನು! ಅಯ್ಯೋ, ಬಂತು, ಬಂತು..." ನೋವು ಬಂದಾಗ ಮಾತು ನಿಂತಿತು. ನೋವು ಇಳಿದ ಕೂಡಲೇ, "ಒತ್ತಿ ಹಿಡಿದು ತಿರುಗಿಸು. ಜಾರಿಸಬೇಡ."

ಎರಡು. ಮೂರು. ನಾಲ್ಕನೆಯದಕ್ಕೆ ಹಲಗೆ ಓರೆಯಾಗಿ ಜೋತಾಡಿ, ನನ್ನ ಭುಜಕ್ಕೆ ಒರಗಿ, ಕೊನೆಗೆ ಕೈಗೆ ಬಂತು. ಅಂದುಕೊಂಡದ್ದಕ್ಕಿಂತ ಹಗುರ. ಮಂಚದಡಿಗೆ ತಳ್ಳಿದೆ.

ಹೆಡ್ ನರ್ಸ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ್ದರು. ಗೋಡೆಯ ನಾಲ್ಕು ತೂತುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಗಂಭೀರವಾಗಿ ಹೇಳಿದರು: "ಗೋಡೆ ಮೇಲೆ ಏನೂ ಇಲ್ಲವಲ್ಲ." ಫೋನು ಎತ್ತಿದರು.

ಅರಿವಳಿಕೆ ಡಾಕ್ಟರು ಆರು ನಿಮಿಷದಲ್ಲಿ ಬಂದರು. ಮಗಳನ್ನು ನೋಡಿದರು. ಬೆನ್ನು ಬಾಗಿಸಿ ಅಲುಗಾಡದೆ ಕೂರಲು ಆಗುತ್ತದಾ ಎಂದು ಕೇಳಿದರು. "ಆಗುತ್ತೆ. ತಡ ಆಯ್ತಾ ಡಾಕ್ಟ್ರೇ?" ಎಂದಳು.

"ಇಲ್ಲ. ಹೊತ್ತಿದೆ. ಬೆಳಗ್ಗೆನೂ ಬೇಗ ಆಗಿರಲಿಲ್ಲ."

ಇದಕ್ಕಿಂತ ಉದ್ದ ಮಾತಾಡಲಿಲ್ಲ. ಬೈದಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ಕಾಲು ಗಂಟೆಯಲ್ಲಿ ಮಗಳ ಮುಖ ಮತ್ತೆ ಅವಳ ಮುಖವಾಯಿತು. ಅಕ್ಕನ ಕೈ ಬಿಟ್ಟಳು. "ಇವರ ಲಿಫ್ಟ್ ಕೆಟ್ಟಿದ್ಯಂತೆ, ಯಾವ ಕಂಪನಿದು?" ಎಂದು ಕೇಳಿದಳು. ಮೂರೂವರೆಗೆ ಮಗು. ಹೆಣ್ಣು. ಮಗಳು ಎಚ್ಚರವಾಗಿದ್ದು, ಕಣ್ಣು ಬಿಟ್ಟು, ನಗುತ್ತಲೇ ನೋಡಿದಳು. ನನ್ನ ಮಗಳು ಹುಟ್ಟಿದಾಗ ಅವಳ ಮುಖ ಹೇಗಿತ್ತು? ನಿನ್ನೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಅಕ್ಕನನ್ನೇ ಕೇಳಬೇಕು.

ಮೇ 19, ಸೋಮವಾರ

ನೋಟಿಸ್ ಬಂತು. "ಪರಿಶೀಲಕರು ಛಾಯಾಚಿತ್ರಕ್ಕೆಂದು ಹೋದಾಗ ಬೋರ್ಡು ಮಂಚದಡಿ ಇದ್ದುದಕ್ಕೆ ಕಾರಣ ತಿಳಿಸುವುದು."

"ತಿದ್ದುಪಡಿಗಾಗಿ ಲೇಖಕಿಯೇ ಹಿಂಪಡೆದಿರುತ್ತಾರೆ," ಎಂದು ಬರೆದುಕೊಟ್ಟೆ. ಸುಳ್ಳೇನಲ್ಲ.

ಸೂಪರಿಂಟೆಂಡೆಂಟ್ ಸಿಡಿಮಿಡಿಗುಟ್ಟಿದರು. ಪ್ರಶಸ್ತಿ ಬೇರೆ ಆಸ್ಪತ್ರೆಗೆ ಹೋಯಿತಂತೆ. ಅಲ್ಲಿ ಕಾರಂಜಿ ಇದೆಯಂತೆ. "ಹೋಗಲಿ, ತಿದ್ದಿದ್ದು ಎಲ್ಲಿ?"

ಚೀಟಿ ಕೊಟ್ಟೆ. *ಕೇಳಿದಾಗ ಕೊಡುತ್ತಾರೆ. ಈಗಲೇ ಕೇಳಬಹುದು.*

ಚೀಟಿ ತಿರುವಿ ಹಿಂದೆ ಏನಾದರೂ ಇದೆಯಾ ಎಂದು ನೋಡಿದರು. "ಇಷ್ಟೇನಾ? ಇದರಲ್ಲಿ ಏನ್ರೀ ಇದೆ? ಉಳಿದ ಜಾಗಕ್ಕೆ ಏನು ಹಾಕೋದು?"

"ಖಾಲಿ ಇರಲಿ ಸರ್."

"ಮೂರಡಿ ಬೋರ್ಡು ಕಣ್ರೀ!"

ಆಚೆ ಕುರ್ಚಿಯಲ್ಲಿ ಅರಿವಳಿಕೆ ಡಾಕ್ಟರು ಕೂತಿದ್ದರು. ಚೀಟಿ ತೆಗೆದುಕೊಂಡು ಓದಿ, "ಚೆನ್ನಾಗಿದೆ," ಎಂದರು. ನನ್ನ ಸಾಹಿತ್ಯಕ್ಕೆ ಅವರಿಂದ ಬಂದ ಮೊದಲ ವಿಮರ್ಶೆ.

ಜೂನ್ 4, ಬುಧವಾರ

ಹೊಸ ಬೋರ್ಡು ಹೆರಿಗೆ ವಾರ್ಡಿನ ಹೊರಗೆ, ಬೆಂಚಿನ ಎದುರಿಗಿದೆ. ಒಳಗೆ ಬರುವ ಮೊದಲೇ ಓದಲಿ ಎಂದು. ಹದಪತ್ರದ ಕಟ್ಟುಗಳ ಖಾಲಿ ಬೆನ್ನಿನ ಮೇಲೆ ಈಗ ನಾನು ಕರಡು ಬರೆಯುತ್ತೇನೆ. ಒಳ್ಳೆ ಕಾಗದ.

ಊಟದ ಬಿಡುವಿನಲ್ಲಿ ಸ್ಕ್ರೂ ಭದ್ರವಾಗಿವೆಯಾ ಎಂದು ನೋಡಲು ಹೋಗಿದ್ದೆ. ಬೆಂಚಿನ ಮೇಲೆ ಒಬ್ಬ ಹುಡುಗಿ, ಇಪ್ಪತ್ಮೂರು ಇಪ್ಪತ್ನಾಲ್ಕು ಇರಬಹುದು, ಹೊಟ್ಟೆ ಹಿಡಿದುಕೊಂಡು ಬೋರ್ಡು ಓದುತ್ತಿದ್ದಳು. ಪಕ್ಕದಲ್ಲಿ ಅವಳ ಅತ್ತೆ. "ಈಗಿನವರಿಗೆ ಎಲ್ಲಾ ಬೇಗ ಬೇಗ ಆಗಬೇಕು. ನಾವೆಲ್ಲ ಹೆರಲಿಲ್ವಾ?" ಎಂದು ನನ್ನ ಒಪ್ಪಿಗೆಗಾಗಿ ನೋಡಿದರು.

ಹುಡುಗಿಯೂ ನೋಡಿದಳು. "ನಿಮಗೆ ಮಕ್ಕಳಿದಾರಾ ಮೇಡಂ? ನೀವು ಸಹಿಸಿಕೊಂಡ್ರಾ?"

ಈ ಪ್ರಶ್ನೆಗೆ ನನ್ನ ಹತ್ತಿರ ಹತ್ತು ನಿಮಿಷದ ಉತ್ತರವೊಂದಿದೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಗೊತ್ತು. ಊಟದ ಬಿಡುವಿನಲ್ಲಿ ಇನ್ನು ಉಳಿದಿದ್ದದ್ದು ಐದೇ ನಿಮಿಷ.

"ಇಲ್ಲ," ಎಂದೆ. "ಅಕ್ಕನ ಕೈ ಕಚ್ಚಿದೆ."

ಹುಡುಗಿ ನೋವಿನ ನಡುವೆಯೇ ಜೋರಾಗಿ ನಕ್ಕಳು. ಆಮೇಲೆ ಗೋಡೆ ಹಿಡಿದು ಎದ್ದು, ಬಾಗಿಲು ತಳ್ಳಿ, ಇಡೀ ವಾರ್ಡಿಗೆ ಕೇಳುವ ಹಾಗೆ "ಸಿಸ್ಟರ್, ನನಗೆ ಈಗಲೇ ಬೇಕು!" ಎಂದಳು.

ಒಳಗೆ ಹೆಡ್ ನರ್ಸ್ ಗೋಡೆಯತ್ತ ನೋಡಲೂ ಇಲ್ಲ. ಫೋನು ಎತ್ತಿದರು.